ಇಂದಿನ ಧಮ್ಮ ಚಿಂತನೆ: ಬಿಳಿ ತಿಮಿಂಗಿಲ ಮತ್ತು ಎರಡನೆಯ ಬಾಣ





ಅಮೆರಿಕದ ಲೇಖಕ ಹರ್ಮನ್ ಮೆಲ್ವಿಲ್ 1851ರಲ್ಲಿ ಪ್ರಕಟಿಸಿದ 'ಮೋಬಿ ಡಿಕ್' ಕಾದಂಬರಿಯನ್ನು ಈಚೆಗೆ ನಿಧಾನವಾಗಿ ಓದಿ ಮುಗಿಸಿದೆ. ಕಥೆ ಸರಳ. ಪೀಕ್ವಾಡ್ ಎಂಬುದು ತಿಮಿಂಗಿಲ ಬೇಟೆಯ ಹಡಗು, ಅದರ ಕ್ಯಾಪ್ಟನ್ ಅಹಾಬ್. ಹಿಂದೊಮ್ಮೆ ಒಂದು ಬಿಳಿ ತಿಮಿಂಗಿಲ ಅವನ ಕಾಲನ್ನು ತುಂಡರಿಸಿತ್ತು. ಮಾಲೀಕರು ಹಡಗನ್ನು ಕಳಿಸಿದ್ದು ತಿಮಿಂಗಿಲದ ಎಣ್ಣೆ ತರಲು. ಅಹಾಬ್ ಅದನ್ನು ತನ್ನ ಸೇಡಿನ ಕಡೆಗೆ ತಿರುಗಿಸಿದ. ಕೊನೆಗೆ ಹಡಗೂ ಮುಳುಗಿತು, ಜನರೂ ಮುಳುಗಿದರು. ಕಥೆ ಹೇಳಲು ಉಳಿದವನು ಇಷ್ಮಾಯೆಲ್ ಒಬ್ಬನೇ.

ಆ ತಿಮಿಂಗಿಲ ಯಾವುದರ ಸಂಕೇತ? ದೇವರು ಎಂದವರುಂಟು, ಪ್ರಕೃತಿ ಎಂದವರುಂಟು, ಕೇಡು ಎಂದವರೂ ಉಂಟು. ಇದಕ್ಕೆ ಒಂದು ಸುಳಿವು ಕಾದಂಬರಿಯೊಳಗೇ ಇದೆ. ಬಿಳಿ ತಿಮಿಂಗಿಲವನ್ನು ಮೊದಲು ಕಂಡವನಿಗೆ ಬಹುಮಾನವೆಂದು ಅಹಾಬ್ ಹಡಗಿನ ಕಂಬಕ್ಕೆ ಒಂದು ಚಿನ್ನದ ನಾಣ್ಯ ಹೊಡೆದಿರುತ್ತಾನೆ. ಒಬ್ಬೊಬ್ಬರೇ ಬಂದು ಅದನ್ನು ನೋಡುತ್ತಾರೆ. ಅಹಾಬನಿಗೆ ಅದರ ತುಂಬ ತಾನೇ ಕಾಣುತ್ತಾನೆ. ದೈವಭಕ್ತ ಸ್ಟಾರ್‌ಬಕ್‌ಗೆ ತನ್ನ ಧರ್ಮ ಕಾಣುತ್ತದೆ. ಫ್ಲಾಸ್ಕ್‌ಗೆ ಅದರಿಂದ ಎಷ್ಟು ಚುರುಟು ಕೊಳ್ಳಬಹುದು ಎಂಬ ಲೆಕ್ಕ ಕಾಣುತ್ತದೆ. ನಾಣ್ಯ ಒಂದೇ, ನೋಡುವ ಚಿತ್ತ ಬೇರೆ ಬೇರೆ. ತಿಮಿಂಗಿಲವೂ ಹಾಗೆಯೇ. ಮೂಕ ಪ್ರಾಣಿಯ ಮೇಲೆ ಎಂಥ ಸೇಡು ಎಂದು ಸ್ಟಾರ್‌ಬಕ್ ಕೇಳುತ್ತಾನೆ. ಅಹಾಬ್ ಕೇಳಿಸಿಕೊಳ್ಳುವುದಿಲ್ಲ. ಲೋಕದ ಕೇಡೆಲ್ಲವನ್ನೂ ಅವನು ಆ ಒಂದು ಪ್ರಾಣಿಯ ಮೈಮೇಲೆ ಹೇರಿದ್ದಾನೆ.

ನನ್ನನ್ನು ಹೆಚ್ಚು ಕಾಡಿದ ಸಂಕೇತ ಅವನ ಕಾಲು. ಕಳೆದುಹೋದ ಕಾಲಿನ ಜಾಗದಲ್ಲಿ ಅವನು ಕಟ್ಟಿಕೊಂಡಿರುವುದು ತಿಮಿಂಗಿಲದ ದವಡೆಯ ಮೂಳೆ! ಯಾವುದನ್ನು ದ್ವೇಷಿಸುತ್ತಾನೋ ಅದರ ಮೂಳೆಯ ಮೇಲೆಯೇ ನಿಂತಿದ್ದಾನೆ. ದ್ವೇಷವಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾರ.

ಭಗವಾನ್ ಬುದ್ಧರು ಎರಡು ಬಾಣಗಳ ಉಪಮೆ ಹೇಳಿದ್ದಾರೆ. ಮೊದಲನೆಯ ಬಾಣ ಮೈಗೆ ತಾಗುವ ನೋವು. ಅದರ ಬೆನ್ನಿಗೇ ಮನಸ್ಸಿಗೆ ನಾಟುವ ಸಂಕಟ, ದ್ವೇಷ ಎರಡನೆಯ ಬಾಣ. ಅಹಾಬನ ಗಾಯ ಸುಳ್ಳಲ್ಲ. ಅವನನ್ನು ಕೊಂದದ್ದು ಎರಡನೆಯ ಬಾಣ.

ಇದನ್ನು ಹೇಳಿದಾಗ ನಮ್ಮ ಅಧ್ಯಯನದಲ್ಲಿ ಕಿರಿಯರೊಬ್ಬರು ನೇರವಾಗಿ ಕೇಳಿದರು: "ಅಣ್ಣಾ, ನಮ್ಮ ಮೇಲೆ ಮೊದಲನೆಯ ಬಾಣ ಇನ್ನೂ ಬರುತ್ತಲೇ ಇದೆಯಲ್ಲ? ಸಿಟ್ಟು ಬಿಡಿ ಎಂದರೆ ಸುಮ್ಮನೆ ಸಹಿಸಿಕೊಳ್ಳಿ ಎಂದಲ್ಲವೇ?"

ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಮಹಾಡ್‌ನಲ್ಲಿದೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಚೌದಾರ್ ಕೆರೆಯ ನೀರು ಮುಟ್ಟಿದರು. ಆಮೇಲೆ ನಮ್ಮವರ ಮೇಲೆ ಹಲ್ಲೆಯಾಯಿತು. ತಿರುಗಿ ಹೊಡೆಯಬಲ್ಲ ಗಟ್ಟಿಗರು, ಸೈನ್ಯದಲ್ಲಿದ್ದು ಬಂದವರು ಅಲ್ಲಿದ್ದರು. ಬಾಬಾಸಾಹೇಬರು ಅವರನ್ನು ತಡೆದರು. ಆದರೆ ಕೆರೆಯ ಮೇಲಿನ ಹಕ್ಕನ್ನು ಬಿಡಲಿಲ್ಲ. ಅದೇ ಡಿಸೆಂಬರ್ 25ರಂದು ಮಹಾಡ್‌ನಲ್ಲೇ ಮನುಸ್ಮೃತಿಯನ್ನು ಸುಡಲಾಯಿತು. ಕೆರೆಯ ಮೊಕದ್ದಮೆ ಕೋರ್ಟಿನಲ್ಲಿ ನಡೆಯುತ್ತಲೇ ಹೋಗಿ, 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ನಮ್ಮ ಪರವಾಗಿ ತೀರ್ಪು ಬಂತು. ಹತ್ತು ವರ್ಷ! ಆ ಸಿಟ್ಟು ಆರಲಿಲ್ಲ, ಹಡಗನ್ನು ಮುಳುಗಿಸಲೂ ಇಲ್ಲ.

'ಜಾತಿ ವಿನಾಶ'ದಲ್ಲೂ ಬಾಬಾಸಾಹೇಬರು ಗುರಿಯಿಟ್ಟದ್ದು ಜಾತಿಯನ್ನು ಆಚರಿಸುವ ಮನುಷ್ಯರಿಗಲ್ಲ, ಅದನ್ನು ಪವಿತ್ರವೆಂದು ನಂಬಿಸಿದ ಶಾಸ್ತ್ರಗಳಿಗೆ. ಅಹಾಬನಿಗೆ ಕಾಣದೆ ಹೋದದ್ದು ಈ ವ್ಯತ್ಯಾಸ. ಮೊದಲನೆಯ ಬಾಣವನ್ನು ಶಿಕ್ಷಣ, ಸಂಘಟನೆ, ಹೋರಾಟಗಳಿಂದ ನಿಲ್ಲಿಸಬೇಕು. ಎರಡನೆಯದನ್ನು ಎದೆಯಿಂದ ನಾವೇ ಕೀಳಬೇಕು. ಇವು ಎರಡೂ ಧಮ್ಮದ ಕೆಲಸವೇ.

ಕಾದಂಬರಿಯ ಕೊನೆಯನ್ನು ಗಮನಿಸಿ. ರೇಚಲ್ ಎಂಬ ಹಡಗಿನ ಕ್ಯಾಪ್ಟನ್, ಕಡಲಲ್ಲಿ ಕಳೆದುಹೋದ ತನ್ನ ಮಗನನ್ನು ಹುಡುಕಲು ನೆರವು ಕೊಡಿ ಎಂದು ಅಹಾಬನನ್ನು ಬೇಡುತ್ತಾನೆ. ಅಹಾಬನಿಗೆ ಪುರುಸೊತ್ತಿಲ್ಲ. ದ್ವೇಷ ಮೊದಲು ತಿನ್ನುವುದು ಕರುಣೆಯನ್ನು. ಮಗನಿಗಾಗಿ ಅಲೆಯುತ್ತಿದ್ದ ಅದೇ ರೇಚಲ್ ಕೊನೆಗೆ ಇಷ್ಮಾಯೆಲ್‌ನನ್ನು ಕಾಪಾಡುತ್ತದೆ. ಅಲ್ಲಿಯವರೆಗೆ ಅವನನ್ನು ತೇಲಿಸಿದ್ದು ಕ್ವೀಕ್ವೆಗ್‌ನ ಶವಪೆಟ್ಟಿಗೆ. ಕ್ವೀಕ್ವೆಗ್ ದೂರದ ದ್ವೀಪದವನು, ಮೈತುಂಬ ಹಚ್ಚೆಯವನು. ಮೊದಲ ರಾತ್ರಿ ಅವನನ್ನು ಕಂಡು ಇಷ್ಮಾಯೆಲ್ ಹೆದರಿದ್ದ. ಬಳಿಕ ಇಬ್ಬರೂ ಒಂದೇ ಹಾಸಿಗೆ ಹಂಚಿಕೊಂಡರು, ಗೆಳೆಯರಾದರು. ಬದುಕಿ ಉಳಿದದ್ದು ಆ ಮೈತ್ರಿಯ ಫಲ ಎಂದೇ ನಾನು ಓದಿಕೊಂಡೆ.

ಇಂದು ಹತ್ತು ನಿಮಿಷ ಆನಾಪಾನದಲ್ಲಿ ಕುಳಿತು ಎರಡು ಪ್ರಶ್ನೆ ಕೇಳಿಕೊಳ್ಳೋಣ. ನನ್ನ ಸಿಟ್ಟು ಯಾವ ಕೆಲಸಕ್ಕೆ ಹೋಗುತ್ತಿದೆ? ಆ ಸಿಟ್ಟಿನ ಗದ್ದಲದಲ್ಲಿ ಯಾರ ಕೂಗು ನನಗೆ ಕೇಳಿಸದೆ ಹೋಗಿದೆ?

ಎಲ್ಲರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು. ಜೈ ಭೀಮ್.