ಕದಿಯದಿರುವುದೆಂದರೇನು?

ಪರರ ಸೊತ್ತನ್ನು ಅಪಹರಿಸುವುದು ಪಾಪವೆಂದು ಸಾರದ ಧರ್ಮವಿಲ್ಲ. ಶುದ್ಧ ಜೀವನಕ್ಕೆ ಬಸವಣ್ಣನವರು ಹಾಕಿಕೊಟ್ಟ ಏಳು ನಿಯಮಗಳಲ್ಲಿ ಕಳವಿನ ನಿಷೇಧವೇ ಮೊದಲನೆಯದೆಂಬುದನ್ನು ಸದ್ಭಕ್ತರಿಗೆ ನೆನಪಿಸಬೇಕಾಗಿಲ್ಲ. ಸೀನಾಯ್ ಬೆಟ್ಟದಲ್ಲಿ ಮೋಶೆಗೆ ದೊರೆತುವೆಂದು ಬೈಬಲ್ಲು ಹೇಳುವ ಹತ್ತು ಆಜ್ಞೆಗಳಲ್ಲಿಯೂ ಅದಿದೆ. ಕೆಥೋಲಿಕರ ಎಣಿಕೆಯಲ್ಲಿ ಅದು ಏಳನೆಯದು. ಪ್ರಾಟೆಸ್ಟೆಂಟರ ಎಣಿಕೆಯಲ್ಲಿ ಎಂಟನೆಯದು. ಉಡುಪಿ ಸೀಮೆಯಲ್ಲಿ ಈ ಎರಡೂ ಪಂಗಡದವರು ತಲೆಮಾರುಗಳಿಂದ ನಮ್ಮ ನೆರೆಹೊರೆಯವರಾಗಿ ಬಾಳುತ್ತಿದ್ದಾರೆ. ಎಣಿಕೆ ಬೇರೆಯಾದರೂ ಆಜ್ಞೆ ಒಂದೇ. ಆದರೆ ಅನ್ಯರ ಮನೆಗೆ ಕನ್ನ ಹಾಕದವನೆಲ್ಲ ಈ ಆಜ್ಞೆಯನ್ನು ಪಾಲಿಸಿದಂತಾಯಿತೆ? ಇಂದಿನ ಕ್ರೈಸ್ತನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಯಿದು. ನಾವು ಕೇಳಿಕೊಂಡರೂ ತಪ್ಪಿಲ್ಲ.

ಬೈಬಲ್ಲೇ ಈ ಆಜ್ಞೆಯನ್ನು ಹಿಗ್ಗಿಸಿ ಅರ್ಥೈಸಿರುವುದು ಗಮನಾರ್ಹ. ಯಾಜಕಕಾಂಡದ 19ನೆಯ ಅಧ್ಯಾಯವು ಕಳವನ್ನು ನಿಷೇಧಿಸಿ ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ಕೂಲಿಯಾಳಿನ ಸಂಬಳವನ್ನು ಬೆಳಗಿನವರೆಗೆ ತಡೆದಿಡಬಾರದು. ತೂಕದಲ್ಲಿ, ಅಳತೆಯಲ್ಲಿ ಮೋಸ ಕೂಡದು. ಹೊಲದ ಅಂಚಿನ ಪೈರನ್ನು ಬಡವರಿಗೂ ಪರದೇಶಿಗೂ ಬಿಡಬೇಕು ಎಂದು ವಿಧಿಸುತ್ತದೆ. ಇದರ ತಾತ್ಪರ್ಯವೇನು? ತೆಗೆದುಕೊಳ್ಳಬಾರದುದನ್ನು ತೆಗೆದುಕೊಳ್ಳುವುದು ಎಷ್ಟರ ಮಟ್ಟಿಗೆ ಕಳವೋ, ಕೊಡಬೇಕಾದುದನ್ನು ಕೊಡದೆ ಇಟ್ಟುಕೊಳ್ಳುವುದೂ ಅಷ್ಟರ ಮಟ್ಟಿಗೆ ಕಳವೇ.

ಈ ಅಳತೆಗೋಲನ್ನು ನಮ್ಮ ಕರಾವಳಿಗೆ ಹಿಡಿದು ನೋಡೋಣ. ಕಾಪು, ಮಲ್ಪೆಗಳ ಕಡಲಲ್ಲಿ ಬಲೆಯೆಳೆದವನಿಗೆ ಮಾರಾಟದ ಹಣದಲ್ಲಿ ಪಾಲುಂಟು. ಕಾರ್ಕಳದ ಹಳ್ಳಿಗಳಲ್ಲಿ ಬೀಡಿ ಕಟ್ಟುವ ಹೆಂಗಸಿಗೆ ಎಣಿಸಿದ ಬೀಡಿಗೆ ತಕ್ಕ ಮಜೂರಿಯುಂಟು. ಆ ಪಾಲನ್ನು ಕಡಿಮೆ ಮಾಡಿದವನ, ಆ ಎಣಿಕೆಯನ್ನು ತಪ್ಪಿಸಿದವನ ಮನೆಗೆ ಪೊಲೀಸರು ಬಾರದಿರಬಹುದು. ಆಜ್ಞೆಯು ಮಾತ್ರ ಅವನನ್ನು ಬಿಡದು. ಮಣಿಪಾಲದ ವಿದ್ಯಾರ್ಥಿಯು ಅನ್ಯರ ಬರಹವನ್ನು ತನ್ನದೆಂದು ಒಪ್ಪಿಸಿದರೆ ಅದೂ ಕಳವು. ಮೊಬೈಲಿನಲ್ಲಿ ಸವಿಮಾತನಾಡಿ ವೃದ್ಧರ ಖಾತೆಯನ್ನು ಬರಿದು ಮಾಡುವುದು ಈ ಕಾಲದ ಕನ್ನ. ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳನೆಂದು ಹಿರಿಯರು ಹೇಳಿದ್ದು ಸುಮ್ಮನೆಯಲ್ಲ.

ಕಳವಿನಿಂದ ನಷ್ಟವಾಗುವುದು ವಸ್ತು ಮಾತ್ರವಲ್ಲ, ವಿಶ್ವಾಸವೂ ಹೌದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬಡವರು ಮನೆ ಬಾಗಿಲಿಗೆ ಬಂದವನ ಕೈಯಲ್ಲಿ ದಿನಕ್ಕೆ ಎರಡಾಣೆಯಿಟ್ಟು ಉಳಿತಾಯವನ್ನು ಕಲಿತರು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದು ಕಲಿಸಿದ ಪಾಠ ಮಾತ್ರ ಉಳಿದಿದೆ. ಅಂತಹ ಎರಡಾಣೆಯನ್ನು ಕದ್ದವನು, ಮತ್ತೊಬ್ಬನನ್ನು ನಂಬುವ ಧೈರ್ಯವನ್ನೇ ಒಂದು ಬಡ ಕುಟುಂಬದಿಂದ ಕದ್ದಂತೆ.

ಇನ್ನು ಕಠಿನವಾದ ಪ್ರಶ್ನೆಗೆ ಬರೋಣ. 1974ರ ಭೂಸುಧಾರಣಾ ತಿದ್ದುಪಡಿಯಿಂದ ಅಂದಿನ ದಕ್ಷಿಣ ಕನ್ನಡದಲ್ಲಿ ಅಸಂಖ್ಯ ಗೇಣಿ ಒಕ್ಕಲುಗಳು ತಾವು ಉಳುತ್ತಿದ್ದ ಭೂಮಿಗೆ ಒಡೆಯರಾದರು. ಕ್ರೈಸ್ತರಲ್ಲಿ ಧಣಿಗಳೂ ಇದ್ದರು, ಒಕ್ಕಲುಗಳೂ ಇದ್ದರು. ನಮ್ಮನ್ನು ದೋಚಿದರೆಂದು ಧಣಿಗಳು ನೊಂದರು. ನಮ್ಮ ಬೆವರು ನಮಗೆ ಮರಳಿತೆಂದು ಒಕ್ಕಲುಗಳು ಸಂತೋಷಪಟ್ಟರು. ಗೇಣಿಯ ಅಕ್ಕಿಯನ್ನೇ ನಂಬಿದ್ದ ಸಣ್ಣ ಹಿಡುವಳಿಯ ಕುಟುಂಬಗಳ ನೋವೂ ಸುಳ್ಳಲ್ಲ. ಆದರೆ ಭೂಮಿ ದೇವರದು, ಮನುಷ್ಯರು ಅದರಲ್ಲಿ ಪ್ರವಾಸಿಗಳು ಮಾತ್ರ ಎಂಬುದು ಬೈಬಲ್ಲಿನ ಮತ. ಐವತ್ತನೆಯ ವರ್ಷದಲ್ಲಿ ಮಾರಿದ ಭೂಮಿಯು ಮೂಲ ಕುಟುಂಬಕ್ಕೆ ಮರಳಬೇಕೆಂಬ ವಿಧಿ ಹುಟ್ಟಿದುದು ಈ ನಂಬಿಕೆಯಿಂದಲೇ. ಈ ದೃಷ್ಟಿಯಿಂದ ಒಡೆತನವು ಹಕ್ಕಿಗಿಂತ ಮಿಗಿಲಾಗಿ ಹೊಣೆ. ಆದಕಾರಣ ಅಂದು ಒಡೆಯನಾದ ಒಕ್ಕಲಿನ ಮಗನೂ ಇಂದು ಉತ್ತರಿಸಬೇಕಾದ ಪ್ರಶ್ನೆಯೊಂದಿದೆ: ತನ್ನ ಗದ್ದೆಯಲ್ಲಿ ನಾಟಿಗೆ ಬಂದವಳ ಕೂಲಿಯನ್ನು ಅವನು ಸಂಜೆಯೇ ಕೊಡುತ್ತಾನೆಯೆ?

ಕಾರ್ಕಳದ ಸಮೀಪದ ಅತ್ತೂರಿನಲ್ಲಿ ಸಂತ ಲಾರೆನ್ಸರ ಬಸಿಲಿಕಾ ಇದೆ. ಜನವರಿಯ ಉತ್ಸವಕ್ಕೆ ಎಲ್ಲ ಮತದವರೂ ಅಲ್ಲಿಗೆ ಹೋಗಿ ಮೇಣದ ಬತ್ತಿ ಬೆಳಗುತ್ತಾರೆ. ಆ ಸಂತರ ಕಥೆ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಕ್ರಿ.ಶ. 258ರಲ್ಲಿ ರೋಮಿನ ಅಧಿಕಾರಿಯು ಸಭೆಯ ಭಂಡಾರವನ್ನು ಒಪ್ಪಿಸೆಂದಾಗ, ಲಾರೆನ್ಸರು ಇದ್ದುದೆಲ್ಲವನ್ನೂ ಬಡವರಿಗೆ ಹಂಚಿ, ಆ ಬಡವರನ್ನೇ ಕರೆತಂದು ಇದೇ ನಮ್ಮ ಭಂಡಾರವೆಂದು ತೋರಿಸಿದರೆಂದು ಪರಂಪರೆ ಹೇಳುತ್ತದೆ. ಅದಕ್ಕಾಗಿ ಅವರು ಪ್ರಾಣವನ್ನೇ ತೆತ್ತರು. ಮುಂದಿನ ಶತಮಾನದ ಸಂತ ಜಾನ್ ಕ್ರಿಸೊಸ್ಟೊಮರು, ಬಡವನಿಗೆ ಪಾಲು ಕೊಡದಿರುವುದು ಅವನನ್ನು ದೋಚಿದಂತೆ ಎಂದು ಬೋಧಿಸಿದರು. ಅತ್ತೂರಿನಲ್ಲಿ ಬತ್ತಿ ಬೆಳಗಿದ ಕೈಯು ಹಸಿದವನ ಮುಂದೆ ಮುಚ್ಚಿಕೊಂಡರೆ ಆ ಬೆಳಕಿಗೆ ಅರ್ಥವೆಲ್ಲಿಯದು?

ಹಾಗಾದರೆ ಕದ್ದವನಿಗೆ ಬಿಡುಗಡೆಯಿಲ್ಲವೆ? ಇದೆ. ಆದರೆ ಅದು ಬರಿಯ ಪಶ್ಚಾತ್ತಾಪದ ಕಣ್ಣೀರಿನಿಂದ ದೊರೆಯದು. ಕದ್ದ ಕುರಿಯನ್ನು ಕೊಂದವನು ನಾಲ್ಕು ಕುರಿಗಳನ್ನು, ಎತ್ತನ್ನು ಕೊಂದವನು ಐದು ಎತ್ತುಗಳನ್ನು ತೆರಬೇಕೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸಿತ್ತು. ಲೂಕನ ಸುವಾರ್ತೆಯಲ್ಲಿ ಸುಂಕದವರ ಮುಖ್ಯನಾದ ಜಕ್ಕಾಯನು ಯೇಸುವನ್ನು ಮನೆಗೆ ಬರಮಾಡಿಕೊಂಡ ದಿನ, ಅರ್ಧ ಆಸ್ತಿಯನ್ನು ಬಡವರಿಗೂ ವಂಚಿತರಿಗೆ ನಾಲ್ಕರಷ್ಟನ್ನೂ ಕೊಡಲು ಮುಂದಾದನು. ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ಕಳ್ಳನು ಕಳವನ್ನು ಬಿಟ್ಟರೆ ಸಾಲದು, ಸ್ವಂತ ಕೈಯಿಂದ ದುಡಿಯಬೇಕು, ದುಡಿದುದರಲ್ಲಿ ಕೊರತೆಯುಳ್ಳವನಿಗೆ ಕೊಡಬೇಕು.

ವಾಚಕರೇ, ಈ ಮಾತು ನಮಗೆ ಅಪರಿಚಿತವೆ? ಕಾಯಕ ಮತ್ತು ದಾಸೋಹಗಳೆಂದು ಶರಣರು ಕರೆದ ದಾರಿಗೆ ಇದು ಎಷ್ಟು ಹತ್ತಿರವಾಗಿದೆ! ಕೈಯನ್ನು ಹಿಂದಕ್ಕೆಳೆದುಕೊಳ್ಳುವುದು ಆಜ್ಞೆಯ ಆರಂಭ ಮಾತ್ರ. ಅದೇ ಕೈಯು ದುಡಿದು, ಸಲ್ಲಬೇಕಾದುದನ್ನು ಸಲ್ಲಿಸಿ, ಮಿಕ್ಕುದನ್ನು ಹಂಚಿದಾಗಲೇ ಅದು ಪೂರ್ಣವಾಗುವುದು. ಈ ಸಂಜೆ ನಮ್ಮ ಮನೆಯಲ್ಲಿ ಯಾರ ಕೂಲಿಯಾದರೂ ಬಾಕಿಯುಳಿದಿದ್ದರೆ, ಅದನ್ನು ತಲುಪಿಸಿ ಬಂದು ಆಮೇಲೆ ಪೂಜೆಗೆ ಕುಳಿತುಕೊಳ್ಳೋಣ.