ಶುಕ್ರವಾರದ ಅಡುಗೆಮನೆ

ಕೆಥೊಲಿಕ್ ಧರ್ಮಸಭೆಯ ಉಪವಾಸದ ಕಾನೂನಿನಲ್ಲಿ ಊಟ ಮಾಡುವವನಿದ್ದಾನೆ, ಅಡುಗೆ ಮಾಡುವವಳಿಲ್ಲ. ಇದು ನನ್ನ ತಲೆಗೆ ಹೊಕ್ಕದ್ದು 59 ತುಂಬಿದ ಮೇಲೆ. 1983ರ ಕಾನೂನು ಸಂಹಿತೆಯ 1252ನೇ ವಿಧಿಯಂತೆ ಉಪವಾಸದ ಕಟ್ಟು 18 ತುಂಬಿದವರಿಂದ ಹಿಡಿದು 60ನೇ ವರ್ಷಕ್ಕೆ ಕಾಲಿಡುವವರೆಗೆ. ಎಂದರೆ 59ನೇ ಹುಟ್ಟುಹಬ್ಬಕ್ಕೆ ಬಿಡುಗಡೆ. ಮಾಂಸ ಬಿಡುವ ನಿಯಮ 14 ತುಂಬಿದವರಿಗೆಲ್ಲ ಇದೆ, ಅದಕ್ಕೆ ಕೊನೆಯ ವಯಸ್ಸು ಹೇಳಿಲ್ಲ. ಹೀಗೆ ನನ್ನ ಉಪವಾಸ ಮುಗಿಯಿತು. ಬೇರೆಯವರ ಉಪವಾಸಕ್ಕೆ ಅಡುಗೆ ಮಾಡುವುದು ಮಾತ್ರ ಮುಗಿಯಲಿಲ್ಲ.

ನಾವು ಕೆಥೊಲಿಕರು ತಪಸ್ಸು ಕಾಲದ 40 ದಿನ ಏನೋ ಕಠಿಣ ವ್ರತ ಹಿಡಿಯುತ್ತೇವೆ ಎಂದು ಹೊರಗಿನವರು ತಿಳಿದಿರುತ್ತಾರೆ. ಈಗ ಉಪವಾಸ ಕಡ್ಡಾಯ ಇರುವುದು ವರ್ಷಕ್ಕೆ 2 ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅಂದು ಒಂದು ಹೊತ್ತು ಪೂರ್ತಿ ಊಟ, ಬೆಳಿಗ್ಗೆಯೂ ರಾತ್ರಿಯೂ ಸ್ವಲ್ಪ ಏನಾದರೂ. ಉಳಿದಂತೆ ಶುಕ್ರವಾರಗಳಲ್ಲಿ ಮಾಂಸ ಇಲ್ಲ. ಅದರ ಬದಲಿಗೆ ಬೇರೆ ಪ್ರಾಯಶ್ಚಿತ್ತ ಸೂಚಿಸುವ ಅಧಿಕಾರ ಆಯಾ ದೇಶದ ಬಿಷಪರ ಮಂಡಳಿಗಿದೆ. ಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದಕ್ಕೆ 1 ಗಂಟೆ ಮೊದಲಿನಿಂದ ನೀರು, ಔಷಧಿ ಬಿಟ್ಟು ಬೇರೇನೂ ಬಾಯಿಗೆ ಹಾಕಬಾರದು. ವಯಸ್ಸಾದವರಿಗೆ, ರೋಗಿಗಳಿಗೆ, ರೋಗಿಯನ್ನು ನೋಡಿಕೊಳ್ಳುವವರಿಗೆ ಆ 1 ಗಂಟೆಯೂ ಇಲ್ಲ. ರೋಗಿಯ ಮಂಚದ ಬಳಿ ನಿಂತವರ ನೆನಪು ಬಂದ ಕಾನೂನಿಗೆ ಒಲೆಯ ಬಳಿ ನಿಂತವರ ನೆನಪು ಯಾಕೆ ಬರಲಿಲ್ಲವೋ.

ಅಮ್ಮನ ಕಾಲದಲ್ಲಿ ಇದಕ್ಕಿಂತ ಬಿಗಿ. 1953ರ ತನಕ ನಡುರಾತ್ರಿ ಕಳೆದ ಮೇಲೆ ಒಂದು ಗುಟುಕು ನೀರು ಕುಡಿದರೂ ಮರುದಿನ ಪರಮಪ್ರಸಾದ ಇರಲಿಲ್ಲ. ಪೋಪ್ 12ನೇ ಪಿಯುಸ್ ಆ ವರ್ಷ ನೀರಿಗೆ ಅವಕಾಶ ಕೊಟ್ಟರು, 1957ರಲ್ಲಿ ಅವಧಿಯನ್ನು 3 ಗಂಟೆಗೆ ಇಳಿಸಿದರು. 1964ರಲ್ಲಿ 6ನೇ ಪೌಲ್ ಅದನ್ನು 1 ಗಂಟೆ ಮಾಡಿದರು. ತಪಸ್ಸು ಕಾಲದ ಉದ್ದಕ್ಕೂ ಇದ್ದ ಉಪವಾಸವನ್ನು 2 ದಿನಕ್ಕೆ ತಂದವರೂ ಅವರೇ, 1966ರಲ್ಲಿ. ಅಮ್ಮ ಕತ್ತಲಿರುವಾಗಲೇ ಗದ್ದೆಯ ಹುಣಿಯ ಮೇಲೆ ನಡೆದು ಇಗರ್ಜಿಗೆ ಹೋಗಿ, ಮೊದಲ ಪೂಜೆ ಮುಗಿಸಿ ಬಂದು, ಬರಿಹೊಟ್ಟೆಯಲ್ಲಿ ಒಲೆ ಹಚ್ಚಿ, ಮನೆಮಂದಿಗೆಲ್ಲ ದೋಸೆ ಹೊಯ್ದು ಕಡೆಗೆ ತಾನು ತಿನ್ನುತ್ತಿದ್ದಳಂತೆ. ಆಗಲೂ ಮೈಮುರಿದು ದುಡಿಯುವವರಿಗೆ ಉಪವಾಸದಿಂದ ವಿನಾಯಿತಿ ಇತ್ತು. ಗದ್ದೆ ಉಳುವವನಿಗೆ, ಮುರಕಲ್ಲು ಕಡಿಯುವವನಿಗೆ. ಭತ್ತ ಕುಟ್ಟಿ, ಕಡೆಯುವ ಕಲ್ಲಿನಲ್ಲಿ ಮಸಾಲೆ ಅರೆಯುವವಳನ್ನು ಆ ಪಟ್ಟಿಗೆ ಸೇರಿಸಿದ್ದನ್ನು ನಾನಂತೂ ಕೇಳಿಲ್ಲ.

ಇನ್ನು ಶುಕ್ರವಾರದ ಮೀನು. ಮಾಂಸ ಎಂದರೆ ನೆಲದ ಮೇಲಿನ ಪ್ರಾಣಿ ಪಕ್ಷಿಗಳದ್ದು, ಮೀನು ಅದರಲ್ಲಿ ಸೇರುವುದಿಲ್ಲ ಎಂಬುದು ಹಳೆಯ ರೂಢಿ. ನಾಲಿಗೆಗೆ ಹೆಚ್ಚು ಸುಖ ಕೊಡುವುದು ಮಾಂಸ, ಆದ್ದರಿಂದಲೇ ಉಪವಾಸದಲ್ಲಿ ಅದನ್ನು ಬಿಡಬೇಕು ಎಂದು 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ವಿವರಿಸಿದ್ದಾರೆ. ಅವರು ಮಂಗಳೂರಿನಲ್ಲಿ ಹುಟ್ಟಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ನಮ್ಮ ಮನೆಯವರು ಭಾನುವಾರದ ಕೋಳಿಗಿಂತ ಶುಕ್ರವಾರದ ಅಂಜಲ್ ಮೀನಿಗೇ ಹೆಚ್ಚು ಕಾಯುತ್ತಾರೆ. ಬೆಳಿಗ್ಗೆಯೇ ಚೀಲ ಹಿಡಿದು ದಕ್ಕೆಗೆ ಹೋಗಿ, ಕಿವಿರು ಎತ್ತಿ ನೋಡಿ, ಚೌಕಾಸಿ ಮಾಡಿ ತರುತ್ತಾರೆ. ತವದ ಮೇಲೆ ಮೆಣಸಿನ ಖಾರ ಹಚ್ಚಿದ ಮೀನು ಚುರುಗುಟ್ಟುವಾಗ ಮನೆಯಲ್ಲಿ ಏಸುವಿನ ಯಾತನೆಯ ನೆನಪು ಯಾರಿಗೂ ಇರುವುದಿಲ್ಲ. ತಪಸ್ಸು ಕಾಲದಲ್ಲಿ ಹಸಿವಿನ ವಿರುದ್ಧ ಕಾರಿತಾಸ್ ಇಂಡಿಯಾ ಅಭಿಯಾನ ನಡೆಸುತ್ತದೆ, ಉಪವಾಸದಲ್ಲಿ ಉಳಿದದ್ದನ್ನು ಕೊಡಿ ಎಂದು ಇಗರ್ಜಿಯಲ್ಲಿ ಕೇಳುತ್ತಾರೆ. ಕೋಳಿಗಿಂತ ದುಬಾರಿ ಮೀನು ತಿಂದ ಮನೆಯಲ್ಲಿ ಉಳಿಯುವುದೇನು? ಕರಾವಳಿಯ ನಮಗೆ ನಿಜವಾದ ತಪಸ್ಸು ಕಾಲ ಬೇರೆಯೇ ಇದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಲ್ಲ, ಆ ಶುಕ್ರವಾರಗಳಲ್ಲಿ ಒಣಮೀನಿನ ಚಟ್ನಿ ನೋಡಿ ನಮ್ಮವರ ಮುಖ ಸಪ್ಪಗಾಗುತ್ತದೆ.

ಹೊಟ್ಟೆಬಾಕತನ ಎಂದರೆ ಹೆಚ್ಚು ತಿನ್ನುವುದು ಎಂದಷ್ಟೇ ನಾನೂ ತಿಳಿದಿದ್ದೆ. 6ನೇ ಶತಮಾನದ ಕೊನೆಯಲ್ಲಿ ಪೋಪ್ ಆದ ಮಹಾ ಗ್ರೆಗೊರಿ ಈ ಪಾಪಕ್ಕೆ 5 ದಾರಿ ಗುರುತಿಸಿದರು, ಅಕ್ವಿನಾಸ್ ಅದನ್ನೇ ಎತ್ತಿಕೊಂಡು ಚರ್ಚಿಸಿದರು. ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯದ್ದನ್ನೇ ಬಯಸುವುದು, ಮಿತಿಮೀರಿ ತಿನ್ನುವುದು, ಗಬಗಬ ತಿನ್ನುವುದು, ಕೊನೆಗೆ ಹೀಗೇ ಬೇಯಿಸಬೇಕು, ಹಾಗೇ ಬಡಿಸಬೇಕು ಎಂದು ಹಟ ಹಿಡಿಯುವುದು. ಐದರಲ್ಲಿ ಒಂದೇ ಒಂದು ಪ್ರಮಾಣದ ಕುರಿತಾದದ್ದು. ಐದನೆಯದನ್ನು ಓದಿದಾಗ ಗ್ರೆಗೊರಿಯವರು ನಮ್ಮ ಅಡುಗೆಮನೆಯ ಕಿಟಕಿಯಿಂದ ಇಣುಕಿ ನೋಡಿ ಬರೆದರೋ ಅನ್ನಿಸಿತು. ಬೆಂಗಳೂರಿನಿಂದ ಬರುವ ಮಗ ಈಚೆಗೆ 16 ಗಂಟೆ ಏನೂ ತಿನ್ನುವುದಿಲ್ಲ, ಮೊಬೈಲಿನಲ್ಲಿ ಲೆಕ್ಕ ಇಡುತ್ತಾನೆ. ತಿನ್ನುವ 8 ಗಂಟೆಯಲ್ಲಿ ಅವನಿಗೆ ಎಣ್ಣೆ ಇಲ್ಲದ ಪಲ್ಯ ಬೇರೆ, ಬೇಯಿಸಿದ ಮೊಟ್ಟೆಯ ಬಿಳಿ ಬೇರೆ, ಕುಚ್ಚಲಕ್ಕಿ ಅನ್ನ ಬೇಡ, ರಾಗಿ ಆಗಬಹುದು. ತಿನ್ನುವುದು ನಿಜವಾಗಿಯೂ ಸ್ವಲ್ಪವೇ. ಆ ಸ್ವಲ್ಪಕ್ಕೆ ನಾನು 3 ಪಾತ್ರೆ ಹೆಚ್ಚು ತೊಳೆಯುತ್ತೇನೆ. ಅವನ ಅಪ್ಪನದ್ದು ಇನ್ನೊಂದು ಬಗೆ. ಶುಭ ಶುಕ್ರವಾರ ಇರುವುದೇ ಒಂದು ಪೂರ್ತಿ ಊಟ ಅಲ್ಲವಾ, ಅದಾದರೂ ಸ್ವಲ್ಪ ಚೆನ್ನಾಗಿರಲಿ ಅಂತ.

ಇದನ್ನು ಕಂಪೌಂಡಿನ ಆಚೆಯ ಅಕ್ಕನಿಗೆ ಹೇಳಿ ಒಮ್ಮೆ ನಕ್ಕಿದ್ದೆ. ಅವರ ಮನೆಯಲ್ಲಿ ಏಕಾದಶಿ. ಅಂದು ಅನ್ನ ಇಲ್ಲ ನೋಡಿ, ಅದಕ್ಕೇ ಅವಲಕ್ಕಿ, ಸಜ್ಜಿಗೆ, ಹಣ್ಣಿನ ರಸಾಯನ, ರಾತ್ರಿಗೆ ಇನ್ನೊಂದು ಏನೋ ಆಗಬೇಕು ಮಾರಾಯ್ತಿ, ಅನ್ನ ಸಾರು ಮಾಡುವುದೇ ಸುಲಭ ಅಂದರು.

ತಪಸ್ಸು ಕಾಲ ಶುರುವಾಗುವುದೇ ಬುಧವಾರ. ಅದರ ಮೂರನೇ ದಿನ, ಶುಕ್ರವಾರ, ಪೂಜೆಯಲ್ಲಿ ಓದುವುದು ಪ್ರವಾದಿ ಯೆಶಾಯನ 58ನೇ ಅಧ್ಯಾಯ. ನಾವು ಉಪವಾಸ ಮಾಡಿದರೂ ದೇವರು ಯಾಕೆ ನೋಡುತ್ತಿಲ್ಲ ಎಂದು ಜನ ಗೊಣಗುತ್ತಾರೆ. ದೇವರ ಉತ್ತರದಲ್ಲಿ ಹಸಿದವರಿಗೆ ರೊಟ್ಟಿ ಹಂಚುವ, ಬೆತ್ತಲೆ ಇರುವವರಿಗೆ ಬಟ್ಟೆ ತೊಡಿಸುವ ಮಾತು ಬರುತ್ತದೆ, ಫಾದರ್‌ಗಳು ಪ್ರಸಂಗದಲ್ಲಿ ಎತ್ತಿ ಹೇಳುವುದೂ ಅದನ್ನೇ. ಅದಕ್ಕಿಂತ ಮೊದಲೇ ಅಲ್ಲಿ ಇನ್ನೊಂದು ಆರೋಪ ಇದೆ: ಉಪವಾಸದ ದಿನವೇ ನೀವು ನಿಮಗೆ ಬೇಕಾದದ್ದನ್ನು ಮಾಡಿಕೊಳ್ಳುತ್ತೀರಿ, ಆಳುಗಳನ್ನು ಹಿಂಡಿ ದುಡಿಸುತ್ತೀರಿ ಎಂದು. ಮನೆ ಹೆಂಗಸು ಆಳಲ್ಲ, ನಿಜ. ಆದರೆ ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯಲು ಬರುವವರಿದ್ದಾರೆ, ಮದುವೆ ಹಾಲ್‌ನ ಹಿಂದೆ ತಗಡಿನ ಮಾಡಿನಡಿ ಹೊಗೆ ತಿನ್ನುವ ಅಡುಗೆ ಆಳುಗಳಿದ್ದಾರೆ. ಯೆಶಾಯನ ಮಾತು ಅವರ ಪರವಾಗಿ ಇದೆ. ಉಪವಾಸದ ಬೆಲೆ ತಿನ್ನದವನ ಹೊಟ್ಟೆಯಲ್ಲಿ ಎಷ್ಟೋ ಅಷ್ಟೇ ಅದನ್ನು ಸಾಧ್ಯ ಮಾಡಿದವರ ಸೊಂಟದಲ್ಲೂ ಅಳೆಯಬೇಕು ಎಂದು ನಾನು ವಾದಿಸಿದರೆ ದೇವಶಾಸ್ತ್ರ ಓದಿದವರು ಆಕ್ಷೇಪಿಸಲಿಕ್ಕಿಲ್ಲ.

ಇದನ್ನು ಮೊದಲೇ ಯೋಚಿಸಿದವರು ಒಬ್ಬರಿದ್ದರು ಎಂದು ತಿಳಿದು ನನಗೆ ಆಶ್ಚರ್ಯವಾಯಿತು, ಅದರಲ್ಲೂ ಹೆಂಗಸರೇ ಇಲ್ಲದ ಮಠದಲ್ಲಿ ಕುಳಿತು. 6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ತಮ್ಮ ಸನ್ಯಾಸಿಗಳಿಗೆ ಬರೆದ ನಿಯಮದಲ್ಲಿ ಊಟದ ಅಳತೆಯಿದೆ: ಬೇಯಿಸಿದ ಪದಾರ್ಥ 2, ಒಂದು ಸೇರದವನು ಇನ್ನೊಂದನ್ನು ತಿನ್ನಲಿ ಅಂತ, ದಿನಕ್ಕೆ ಒಂದು ಪೌಂಡ್ ರೊಟ್ಟಿ, ಕೆಲಸ ಹೆಚ್ಚಿದ್ದರೆ ಮಠಾಧಿಪತಿ ಇನ್ನಷ್ಟು ಕೊಡಬಹುದು. ರೋಗಿಗೆ ಮಾಂಸ ಕೊಡಬಹುದು. ನನಗೆ ಹೆಚ್ಚು ಹಿಡಿಸಿದ್ದು ಅದಕ್ಕೂ ಮೊದಲು ಬರುವ 35ನೇ ಅಧ್ಯಾಯ. ಅಡುಗೆಮನೆಯ ಕೆಲಸ ವಾರಕ್ಕೊಬ್ಬರಂತೆ ಸರದಿ; ಕಾಯಿಲೆಯೋ ಮಠದ ಬೇರೆ ಮುಖ್ಯ ಹೊಣೆಯೋ ಇದ್ದರೆ ಮಾತ್ರ ವಿನಾಯಿತಿ. ಬಲವಿಲ್ಲದವರಿಗೆ ಸಹಾಯಕರನ್ನು ಕೊಡಬೇಕು. ವಾರ ಮುಗಿಸುವವನು ಕೈಕಾಲು ಒರೆಸುವ ಬಟ್ಟೆಗಳನ್ನು ಒಗೆದು, ಪಾತ್ರೆಗಳನ್ನು ಶುಚಿಯಾಗಿ ಒಪ್ಪಿಸಿ ಹೋಗಬೇಕು. ಮತ್ತೆ, ಊಟಕ್ಕೆ ಒಂದು ಗಂಟೆ ಮೊದಲು ಬಡಿಸುವವರಿಗೆ ಅವರ ಪಾಲಿನ ಮೇಲೆ ಒಂದಷ್ಟು ರೊಟ್ಟಿ, ಕುಡಿಯಲು ಒಂದು ಗುಟುಕು ಕೊಡಬೇಕು, ಗೊಣಗದೆ ಬಡಿಸಲಿ ಅಂತ. ನನ್ನಮ್ಮನಿಗೆ ಆ ತುಂಡು ರೊಟ್ಟಿಯನ್ನು ಯಾರೂ ಕೊಡಲಿಲ್ಲ. ಅಡುಗೆಯವರಿಗೆ ಒಬ್ಬ ಪಾಲಕ ಸಂತನೂ ಇದ್ದಾನೆ, ಕಾರ್ಕಳದ ಅತ್ತೂರಿಗೆ ನಾವೆಲ್ಲ ಹರಕೆ ಹೊತ್ತು ಹೋಗುವ ಸಂತ ಲಾರೆನ್ಸ್. 258ರಲ್ಲಿ ರೋಮಿನಲ್ಲಿ ಹುತಾತ್ಮನಾದವನು; ಕಾದ ಕಬ್ಬಿಣದ ಜಾಲರಿಯ ಮೇಲೆ ಸುಟ್ಟರು ಎಂಬುದು ಪರಂಪರೆ. ಒಲೆಯ ಬಿಸಿ ಏನೆಂದು ತಿಳಿದ ಸಂತ ಅಂತ ನಮ್ಮಜ್ಜಿ ಕೈಮುಗಿಯುತ್ತಿದ್ದರು.

ಹಾಗಂತ ಉಪವಾಸವೇ ಬೇಡ, ಎಲ್ಲರೂ ಉಂಡು ಮಲಗಿ ಎನ್ನುವವಳಲ್ಲ ನಾನು. ಧರ್ಮಸಭೆ ಎರಡೂ ಬದಿಯ ಅತಿಯನ್ನು ಕಂಡಿದೆ. 4ನೇ ಶತಮಾನದಲ್ಲಿ, ಈಗಿನ ಟರ್ಕಿಯ ಗಾಂಗ್ರಾದಲ್ಲಿ ಸೇರಿದ ಬಿಷಪರು ಭಕ್ತಿಯಿಂದ ಮಾಂಸ ತಿನ್ನುವವರಿಗೆ ಮೋಕ್ಷವಿಲ್ಲ ಎಂದು ಹೀಗಳೆಯುವವರನ್ನೇ ಬಹಿಷ್ಕರಿಸಿದರು. ಊಟದ ಸುಖವನ್ನು ಪೂರ್ತಿ ನಿರಾಕರಿಸುವುದೂ ಒಂದು ದೋಷ ಎಂದು ಅಕ್ವಿನಾಸ್ ಎಣಿಸಿದರು. ಸಿಯೆನಾದ ಸಂತ ಕ್ಯಾಥರೀನ್ 1380ರಲ್ಲಿ ತೀರಿಕೊಂಡಾಗ ವಯಸ್ಸು 33. ಕಡೆಯ ವರ್ಷಗಳಲ್ಲಿ ಅವರಿಗೆ ಅನ್ನಾಹಾರ ಇಳಿಯುತ್ತಲೇ ಇರಲಿಲ್ಲ, ತಿನ್ನು ಎಂದು ಗುರುಗಳು ಹೇಳಿದರೂ ಆಗುತ್ತಿರಲಿಲ್ಲ. ಆಕೆಯನ್ನು ಸಂತರ ಸಾಲಿಗೆ ಸೇರಿಸಿದ ಧರ್ಮಸಭೆ ಆಕೆಯ ಊಟದ ಕ್ರಮವನ್ನು ಯಾರಿಗೂ ವಿಧಿಸಲಿಲ್ಲ. ಭಾನುವಾರ ಕ್ರೈಸ್ತ ಶಿಕ್ಷಣದ ತರಗತಿಯಲ್ಲಿ ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಎದುರು ಕೂತ ಹುಡುಗಿಯರಲ್ಲಿ ಕನ್ನಡಿ ನೋಡಿ ಊಟ ಬಿಡುವವರಿದ್ದಾರೆ, ಅದಕ್ಕೆ ತಪಸ್ಸು ಕಾಲ ಒಳ್ಳೆಯ ನೆಪ.

ಅಸಿಸಿಯ ಫ್ರಾನ್ಸಿಸರ ಒಂದು ಪ್ರಸಂಗ ತರಗತಿಯ ಆ ಹುಡುಗಿಯರಿಗೆ ಇಷ್ಟ. ನಡುರಾತ್ರಿ ಒಬ್ಬ ಸಹೋದರ ಹಸಿವಿನಿಂದ ಸಾಯುತ್ತಿದ್ದೇನೆ ಎಂದು ಕೂಗಿಕೊಂಡ. ಫ್ರಾನ್ಸಿಸರು ಎದ್ದು ಊಟ ಹಾಕಿಸಿದರು, ಅವನೊಬ್ಬನೇ ತಿನ್ನಲು ನಾಚಿಕೊಂಡಾನು ಎಂದು ತಾವೂ ಕೂತು ತಿಂದರು, ಉಳಿದವರನ್ನೂ ಎಬ್ಬಿಸಿ ತಿನ್ನಿಸಿದರು. ಉಪವಾಸ ಮುರಿಯಿತು. ಆ ಕತೆ ಹೇಳುವಾಗ ನನಗೆ ಬರುವ ಪ್ರಶ್ನೆ, ಆ ಹೊತ್ತಿನಲ್ಲಿ ಅಲ್ಲಿ ತಿನ್ನಲು ಇದ್ದದ್ದೇನು, ಅದನ್ನು ಬೇಯಿಸಿದ್ದು ಯಾರು ಅಂತ. ಕತೆ ಬರೆದವರು ಅದನ್ನು ಹೇಳಿಲ್ಲ.

ನಮ್ಮ ಕರಾವಳಿಯ ಊಟಕ್ಕೆ ಇನ್ನೊಂದು ಚರಿತ್ರೆಯಿದೆ. ನಮ್ಮ ಹಿರಿಯರು ಗೋವೆಯಿಂದ ಬಂದವರು. ಅಲ್ಲಿ 1736ರಲ್ಲಿ ಧರ್ಮವಿಚಾರಣೆಯ ನ್ಯಾಯಮಂಡಳಿ ಇನ್ಕ್ವಿಸಿಶನ್ ಹೊರಡಿಸಿದ ಆಜ್ಞೆಯಲ್ಲಿ, ಹಿಂದೂಗಳಂತೆ ಉಪ್ಪು ಹಾಕದೆ ಅನ್ನ ಬೇಯಿಸಿ ಆಮೇಲೆ ಉಪ್ಪು ಬೆರೆಸಿಕೊಳ್ಳಬಾರದು ಎಂದೂ ಇತ್ತು. ಪಾತ್ರೆಯೊಳಗೆ ಕೈಹಾಕಿ ಧರ್ಮ ಹುಡುಕಿದ ಆ ಅಧಿಕಾರಿಗಳಿಗೂ ಅಡುಗೆಮನೆ ನೆನಪಿತ್ತು, ಶಿಕ್ಷಿಸುವುದಕ್ಕೆ. ಅದೇ ಗೋವೆಯಿಂದ ಬಂದ ನಾವು ಸೆಪ್ಟೆಂಬರ್ 8ರಂದು ಮರಿಯಮ್ಮನ ಹುಟ್ಟುಹಬ್ಬ, ಮೋಂತಿ ಫೆಸ್ತ್ ಆಚರಿಸುವಾಗ ಹಬ್ಬವೆಂದೇ ಮಾಂಸ ಮೀನು ಬಿಡುತ್ತೇವೆ. ಮಂತ್ರಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಅಕ್ಕಿಯನ್ನು ಪಾಯಸಕ್ಕೋ ಹಾಲಿಗೋ ಬೆರೆಸಿ ಎಲ್ಲರೂ ಒಟ್ಟಿಗೆ ಕುಡಿದು, ಬಾಳೆಎಲೆಯಲ್ಲಿ ಬೆಸ ಸಂಖ್ಯೆಯ ತರಕಾರಿಗಳ ಊಟ. ಇದನ್ನು ಯಾವ ಕಾನೂನೂ ಹೇಳಿಲ್ಲ. ಅಂದು ಕೆಸುವಿನ ದಂಟು ಸೋಸಲು, ಹೀರೆಕಾಯಿ ಹೆರೆಯಲು ಗಂಡಸರು ಮಕ್ಕಳೆಲ್ಲ ಒಳಗೆ ಬರುತ್ತಾರೆ, ಯಾರೂ ಕರೆಯಬೇಕಾಗಿಲ್ಲ. ವರ್ಷಕ್ಕೊಮ್ಮೆ ಆಗುವುದು ಶುಕ್ರವಾರಕ್ಕೆ ಯಾಕೆ ಆಗಬಾರದು?

ಇದನ್ನು ನಾನು ಮನೆಯಲ್ಲಿ ಊಟದ ಹೊತ್ತಿಗೆ ಕೇಳಿದೆ. ಬೆನೆಡಿಕ್ಟರ ಸರದಿಯ ಮಾತನ್ನೂ ಹೇಳಿದೆ. ಅವರು ಸನ್ಯಾಸಿಗಳು, ನಾನು ಸಂಸಾರಿ ಎಂದು ನಮ್ಮವರು ಜಾರಿಕೊಳ್ಳಲು ನೋಡಿದರು. ಅವರಿಗೂ 59 ದಾಟಿದೆ, ಉಪವಾಸದ ಕಟ್ಟು ಇಬ್ಬರಿಗೂ ಇಲ್ಲ, ಹಾಗಾದರೆ ಪ್ರಾಯಶ್ಚಿತ್ತಕ್ಕೆ ಬೇರೇನಾದರೂ ಬೇಡವೇ ಅಂದೆ. ಶುಕ್ರವಾರ ಅಂಜಲ್ ಬೇಡ, ಒಂದೇ ಪಾತ್ರೆಯಲ್ಲಿ ಕುಚ್ಚಲಕ್ಕಿ ಗಂಜಿ, ತೆಂಗಿನಕಾಯಿ ಚಟ್ನಿ, ಇದ್ದರೆ ಉಪ್ಪಿನಕಾಯಿ. ಬೇಯಿಸುವವರು ನೀವು, ತೊಳೆಯುವವರೂ ನೀವು ಎಂದು ತೀರ್ಮಾನವಾಯಿತು. ಉಳಿದ ಮೀನಿನ ದುಡ್ಡು ಒಂದು ಡಬ್ಬದಲ್ಲಿ.

ಗಂಜಿ ಅವರು ಚೆನ್ನಾಗಿಯೇ ಬೇಯಿಸುತ್ತಾರೆ. ಕಷ್ಟ ನನಗೆ ಆಗಿದೆ. ಒಲೆಯ ಕಡೆ ಹೋಗದೆ ಚಾವಡಿಯಲ್ಲಿ ಕೂರುವುದು, ಬೆಂಕಿ ಜಾಸ್ತಿಯಾಯಿತು ಎಂದು ಕೂಗಿ ಹೇಳದಿರುವುದು. 17ನೇ ಶತಮಾನದ ಆರಂಭದಲ್ಲಿ ಜಿನೇವಾದ ಬಿಷಪರಾಗಿದ್ದ ಫ್ರಾನ್ಸಿಸ್ ದೆ ಸಾಲ್ ಸಂಸಾರಿಗಳಿಗೆ ಕೊಟ್ಟ ಸಲಹೆಯೊಂದಿದೆ: ಯಾವಾಗಲೂ ಕೆಟ್ಟದ್ದನ್ನೇ ಆರಿಸಿ ತಿನ್ನುವ ವೈರಾಗ್ಯಕ್ಕಿಂತ, ಮುಂದಿಟ್ಟದ್ದನ್ನು ಆರಿಸದೆ ತಿನ್ನುವುದು ಮೇಲು. ಬಡಿಸಿಯೇ ರೂಢಿಯಾದವಳಿಗೆ ಇದನ್ನು ಪಾಲಿಸುವ ಸಂದರ್ಭ ಇದುವರೆಗೆ ಬಂದೇ ಇರಲಿಲ್ಲ. ಮೊನ್ನೆ ಚಟ್ನಿಗೆ ಹುಣಸೆಹುಳಿ ಮುಂದಾಗಿತ್ತು, ಶುಂಠಿ ಮರೆತಿದ್ದರು. ಹೇಗಿದೆ ಅಂತ ಕೇಳಿದರು, ಇನ್ನೊಂದು ಚಮಚ ಬಡಿಸಿಕೊಂಡೆ. ಇಲ್ಲಿ ಬರೆದದ್ದರಿಂದ ಅವರಿಗೆ ತಿಳಿಯುವ ಭಯವಿಲ್ಲ, ಅವರು ಓದುವುದು ಕೊಂಕಣಿ ಪತ್ರಿಕೆ 'ರಾಕ್ಣೊ' ಒಂದನ್ನೇ.