ಸಿಟ್ಟು ಯಾರದು?

ಹೊಸಪೇಟೆಯ ಬೇಸಿಗೆಯ ಮಧ್ಯಾಹ್ನ. ಮಿತ್ರರೊಬ್ಬರ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆ. ಚಹಾ ತಂದಿಟ್ಟ ಅವರ ಮಡದಿಗೆ ಐವತ್ತರ ಸಮೀಪದ ವಯಸ್ಸು. ಇದ್ದಕ್ಕಿದ್ದಂತೆ ಮುಖ ಕೆಂಪೇರಿ, ಹಣೆಯಲ್ಲಿ ಬೆವರೊಡೆದು, ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದರು.

“ಬ್ಯಾಸಿಗ್ಯಾಗ ಎಲ್ಲಾರ್ಗೂ ಸೆಕಿ ಆಗ್ತೈತಿ ಬಿಡವ್ವ” ಎಂದ ಮಗ.

ಆಕೆ ತಟ್ಟೆಯನ್ನು ಕುಕ್ಕಿ, “ಈ ಮನ್ಯಾಗ ನನ್ನ ಮಾತು ಯಾರು ಕೇಳ್ತೀರಿ?” ಎಂದು ಒಳಗೆ ನಡೆದರು.

“ಈಚೀಚಿಗೆ ಈಕಿ ಸ್ವಭಾವನ ಕೆಟ್ಟೈತಿ ನೋಡ್ರಿ” ಎಂದು ಮಿತ್ರರು ಪೇಚಾಡಿದರು. ನರ್ಸಿಂಗ್ ಓದುತ್ತಿರುವ ಮಗಳು, “ಸ್ವಭಾವ ಅಲ್ಲಪ್ಪ, ಅದು ಹಾರ್ಮೋನು” ಎಂದಳು.

ತಂದೆ ಮಗಳಲ್ಲಿ ಯಾರ ಮಾತು ನಿಜ?

ಮಗಳ ಮಾತಿಗೆ ಶಾಸ್ತ್ರದ ಬೆಂಬಲವಿದೆ. ಸಾಮಾನ್ಯವಾಗಿ ನಲವತ್ತು ದಾಟಿದ ಮೇಲೆ, ಮುಟ್ಟು ನಿಲ್ಲುವುದಕ್ಕೆ ಕೆಲವು ವರ್ಷ ಮೊದಲೇ, ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೊಜೆನ್ ಏರಿಳಿಯತೊಡಗುತ್ತದೆ. ಕಡೆಗೆ ತೀರ ಇಳಿದುಬಿಡುತ್ತದೆ. ಮೈಶಾಖವನ್ನು ಹದದಲ್ಲಿಡುವ ಮೆದುಳಿನ ಭಾಗ ಆಗ ಲೆಕ್ಕ ತಪ್ಪುತ್ತದೆ. ಹಗಲು ಉರಿ, ರಾತ್ರಿ ಬೆವರು, ನಿದ್ದೆಗೆಟ್ಟವರಿಗೆ ತಾಳ್ಮೆಯೆಲ್ಲಿಯದು? ಇದನ್ನು ದುಃಸ್ವಭಾವವೆನ್ನುವುದು ಜ್ವರ ಬಂದವನನ್ನು ಸೋಮಾರಿ ಎಂದಂತೆ.

ಆದರೆ ಮಗಳ ಮಾತಿನಲ್ಲಿಯೂ ಒಂದು ಅನ್ಯಾಯ ಅಡಗಿದೆ. ತಾಯಿ ಕೇಳಿದ್ದು ಒಂದು ಪ್ರಶ್ನೆ. ಹಾರ್ಮೋನು ಎಂದೊಡನೆ ಆ ಪ್ರಶ್ನೆಯೇ ರೋಗಲಕ್ಷಣವಾಯಿತು. ಉತ್ತರಿಸುವ ಹೊಣೆ ತಪ್ಪಿತು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದುದನ್ನು ಈ ಊರು ಕಂಡಿದೆ. ಗೇಟು ಮುರಿದದ್ದರಿಂದ ನೀರು ಹೊರಬಿತ್ತು, ನಿಜ. ಆದರೆ ನೀರನ್ನು ಗೇಟು ಸೃಷ್ಟಿಸಿರಲಿಲ್ಲ. ಎಲ್ಲ ಸಿಟ್ಟಿನ ಹಿಂದೆಯೂ ಹಳೆಯ ನೋವಿರಬೇಕೆಂದೇನಿಲ್ಲ. ಇದೆಯೋ ಇಲ್ಲವೋ ಎಂಬುದು ಕೇಳದ ಹೊರತು ತಿಳಿಯದು.

ನಾವು ಕೇಳುವುದಿಲ್ಲ. 2025ರಲ್ಲಿ ಕರ್ನಾಟಕ ಸರ್ಕಾರ 18ರಿಂದ 52 ವರ್ಷದ ಉದ್ಯೋಗಸ್ಥ ಸ್ತ್ರೀಯರಿಗೆ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆ ಕೊಡುವ ಆದೇಶ ಹೊರಡಿಸಿತು. ಮುಟ್ಟಿನ ಮಾತು ಸರ್ಕಾರದ ಕಡತವನ್ನೇರಿತು; ಮುಟ್ಟು ನಿಲ್ಲುವ ಮಾತು ಮಾತ್ರ ಇನ್ನೂ ಅಡುಗೆಮನೆ ದಾಟಿಲ್ಲ. ಕಂಪ್ಲಿಯ ಗದ್ದೆಯಲ್ಲಿ ನಾಟಿ ಹಚ್ಚುವ ಕೂಲಿಯವಳಿಗೆ ಮೇಲಿನ ಬಿಸಿಲಾವುದು, ಒಳಗಿನ ಉರಿಯಾವುದು ಎಂದು ಹೇಳುವವರಿಲ್ಲ. ಇದರ ಫಲ ಸಿಡುಕಿನಲ್ಲಿಯೇ ಮುಗಿಯುವುದಿಲ್ಲ. ವಿಪರೀತ ರಕ್ತಸ್ರಾವವನ್ನಾಗಲಿ, ಮುಟ್ಟು ನಿಂತು ವರ್ಷವಾದ ಮೇಲೆ ಮರಳಿ ಕಾಣುವ ರಕ್ತವನ್ನಾಗಲಿ ವಯಸ್ಸಿನ ಗುಣವೆಂದು ಬಿಡಲಾಗದು, ವೈದ್ಯರಿಗೆ ತೋರಿಸಲೇಬೇಕು. ಉರಿಗೂ ನಿದ್ರಾಹೀನತೆಗೂ ಇಂದು ಚಿಕಿತ್ಸೆಯಿದೆ. ಹೇಳಿಕೊಳ್ಳಲು ನಾಲಗೆಯಿಲ್ಲದವಳಿಗೆ ಅದು ಇದ್ದೂ ಇಲ್ಲ.

ದೇಹವನ್ನು ಅರಿಯುವುದು ವಿವೇಕ. ದೇಹದ ನೆಪದಿಂದ ಮನುಷ್ಯಳನ್ನು ಅಲ್ಲಗಳೆಯುವುದು ಅವಿವೇಕ. ಔಷಧಿಯೂ ಬೇಕು, ಉತ್ತರವೂ ಬೇಕು.

ಇಷ್ಟನ್ನು ಮಿತ್ರರಿಗೆ ಹೇಳಿದೆ. ಅವರು ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಯಾಕ, ರಾತ್ರಿ ನಿದ್ದಿ ಹತ್ತವಲ್ದೇನು?” ಎಂದರು.

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಉತ್ತರ ಬಂತು: “ಎರಡು ವರ್ಷ ಆತು. ಇವತ್ತು ಕೇಳಿದ್ರಿ.”